ಗ್ಲುಟೆನ್ ಇಲ್ಲದ ಆಹಾರದಲ್ಲಿ ಪೂರ್ಣ ಪೋಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ಲುಟೆನ್ ಬಿಡಬೇಕು ಎಂದು ವೈದ್ಯರು ಹೇಳಿದ ದಿನದಿಂದ ಮನೆಯವರ ಗಮನವೆಲ್ಲ ಏನನ್ನು ತಿನ್ನಬಾರದು ಎಂಬುದರ ಮೇಲೆಯೇ ಇರುತ್ತದೆ. ಅದು ಅಗತ್ಯವೇ ಹೌದು, ಆದರೆ ಅರ್ಧ ಕೆಲಸ ಮಾತ್ರ. ತಟ್ಟೆಯಿಂದ ತೆಗೆದ ಧಾನ್ಯದ ಜೊತೆಗೆ ಹೊರಟುಹೋಗುವ ನಾರು, ಕಬ್ಬಿಣ, ಬಿ ಜೀವಸತ್ವಗಳನ್ನು ಬೇರೆ ಯಾವ ಆಹಾರದ ಮೂಲಕ ಮರಳಿ ತರಬೇಕು ಎಂಬುದನ್ನೂ ಅಷ್ಟೇ ಗಂಭೀರವಾಗಿ ಯೋಚಿಸಬೇಕು. ಮುಂದಿನ ಉತ್ತರಗಳು ಹೆಚ್ಚಾಗಿ ಆ ಎರಡನೆಯ ಅರ್ಧಕ್ಕೆ ಸಂಬಂಧಿಸಿದವು.

ಗ್ಲುಟೆನ್ ಎಂದರೆ ಏನು, ಅದನ್ನು ಪೂರ್ತಿಯಾಗಿ ಬಿಡಬೇಕಾದವರು ಯಾರು?

ಗೋಧಿ, ಬಾರ್ಲಿ ಮತ್ತು ರೈ ಕಾಳುಗಳಲ್ಲಿ ಸಂಗ್ರಹವಾಗಿರುವ ಕೆಲವು ಪ್ರೋಟೀನ್‌ಗಳಿಗೆ ಒಟ್ಟಾಗಿ ಗ್ಲುಟೆನ್ ಎನ್ನುತ್ತಾರೆ. ಗೋಧಿ ಹಿಟ್ಟನ್ನು ನೀರು ಹಾಕಿ ನಾದಿದಾಗ ಬರುವ ಜಿಗಿ, ಎಳೆದರೆ ಹರಿಯದೆ ಹಿಗ್ಗುವ ಗುಣ, ಬ್ರೆಡ್ಡು ಉಬ್ಬಿ ನಿಲ್ಲುವ ಶಕ್ತಿ ಇವೆಲ್ಲಕ್ಕೂ ಅದೇ ಕಾರಣ. ಸೀಲಿಯಾಕ್ ಕಾಯಿಲೆ ಇರುವವರಲ್ಲಿ ಈ ಪ್ರೋಟೀನ್ ಸಣ್ಣ ಕರುಳನ್ನು ತಲುಪಿದಾಗ ದೇಹದ ರೋಗನಿರೋಧಕ ವ್ಯವಸ್ಥೆಯೇ ಕರುಳಿನ ಒಳಪದರದ ಮೇಲೆ ದಾಳಿ ಮಾಡುತ್ತದೆ. ಪೋಷಕಾಂಶಗಳನ್ನು ಹೀರಿಕೊಳ್ಳುವ, ಬೆರಳಿನಾಕಾರದ ಸೂಕ್ಷ್ಮ ವಿಲ್ಲೈಗಳು ಇದರಿಂದ ಸವೆದು ಚಪ್ಪಟೆಯಾಗುತ್ತವೆ. ಜಗತ್ತಿನಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಈ ಕಾಯಿಲೆ ಇದೆ, ಆದರೆ ಅವರಲ್ಲಿ ಹಲವರಿಗೆ ಅದು ಪತ್ತೆಯಾಗಿರುವುದಿಲ್ಲ. ಇವರು ಜೀವನಪರ್ಯಂತ ಗ್ಲುಟೆನ್ ಅನ್ನು ಪೂರ್ತಿಯಾಗಿ ಬಿಡಬೇಕು. ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ ಅವರು ಕೆಲವು ಧಾನ್ಯಗಳೇ ಈ ಕಾಯಿಲೆಯನ್ನು ಕೆರಳಿಸುತ್ತವೆ ಎಂದು 1950ರ ತಮ್ಮ ಮಹಾಪ್ರಬಂಧದಲ್ಲಿ ತೋರಿಸಿದಂದಿನಿಂದ ಇಂದಿನವರೆಗೂ ಆಹಾರವೇ ಇದರ ಮುಖ್ಯ ಚಿಕಿತ್ಸೆಯಾಗಿ ಉಳಿದಿದೆ.

ಗೋಧಿಯ ಅಲರ್ಜಿ ಬೇರೆಯದು. ಅದು ಇರುವವರು ಗೋಧಿಯನ್ನು ಬಿಡಬೇಕು, ಆದರೆ ಬಾರ್ಲಿ, ರೈಗಳನ್ನು ಬಿಡುವ ಅಗತ್ಯ ಎಲ್ಲರಿಗೂ ಇರುವುದಿಲ್ಲ. ಈ ಎರಡೂ ಇಲ್ಲದಿದ್ದರೂ ಗೋಧಿ ತಿಂದಾಗ ಹೊಟ್ಟೆ ಉಬ್ಬರ, ನೋವು, ಆಯಾಸ ಕಾಣಿಸಿಕೊಳ್ಳುವವರ ಮೂರನೆಯ ಗುಂಪೊಂದಿದೆ. ಅಂಥವರಲ್ಲಿ ಕೆಲವರಿಗೆ ತೊಂದರೆ ಕೊಡುವುದು ಗ್ಲುಟೆನ್ ಅಲ್ಲ, ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಸಕ್ಕರೆ ಸರಪಳಿ.

ಪರೀಕ್ಷೆಗೆ ಮುನ್ನವೇ ಗ್ಲುಟೆನ್ ಬಿಟ್ಟು ನೋಡಬಹುದೇ?

ದಯವಿಟ್ಟು ಹಾಗೆ ಮಾಡಬೇಡಿ. ಸೀಲಿಯಾಕ್ ಕಾಯಿಲೆಗೆ ಮೊದಲು ಮಾಡುವ ರಕ್ತಪರೀಕ್ಷೆಯು ಗ್ಲುಟೆನ್‌ಗೆ ಪ್ರತಿಕ್ರಿಯೆಯಾಗಿ ದೇಹದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಅಳೆಯುತ್ತದೆ, ಕರುಳಿನ ಬಯಾಪ್ಸಿಯು ವಿಲ್ಲೈಗಳಿಗೆ ಆಗಿರುವ ಹಾನಿಯನ್ನು ನೋಡುತ್ತದೆ. ಗ್ಲುಟೆನ್ ಬಿಟ್ಟು ಕೆಲವು ವಾರ, ತಿಂಗಳುಗಳು ಕಳೆದರೆ ಎರಡೂ ಸಹಜ ಸ್ಥಿತಿಯತ್ತ ಬರುವುದರಿಂದ ಕಾಯಿಲೆ ಇದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು. ಆಮೇಲೆ ಖಚಿತಪಡಿಸಿಕೊಳ್ಳಲು ಮತ್ತೆ ಹಲವು ವಾರ ಗ್ಲುಟೆನ್ ತಿನ್ನಬೇಕಾಗುತ್ತದೆ, ಅದು ಹಲವರಿಗೆ ಬಹಳ ಕಷ್ಟ. ಕಾಯಿಲೆ ಇರುವವರ ತಂದೆತಾಯಿ, ಒಡಹುಟ್ಟಿದವರು ಮತ್ತು ಮಕ್ಕಳಿಗೆ ಅದು ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಆದ್ದರಿಂದ ಖಚಿತ ರೋಗನಿರ್ಣಯ ಒಬ್ಬರಿಗಷ್ಟೇ ಅಲ್ಲ, ಇಡೀ ಕುಟುಂಬಕ್ಕೆ ಉಪಯೋಗಕ್ಕೆ ಬರುತ್ತದೆ.

ಗ್ಲುಟೆನ್ ದೇಹಕ್ಕೆ ಅನಿವಾರ್ಯವಲ್ಲವೆಂದ ಮೇಲೆ ಅದನ್ನು ಬಿಟ್ಟರೆ ಕೊರತೆ ಏಕೆ ಉಂಟಾಗುತ್ತದೆ?

ಗ್ಲುಟೆನ್ ಇಲ್ಲದೆಯೇ ಮನುಷ್ಯ ಪೂರ್ಣ ಆರೋಗ್ಯದಿಂದ ಬದುಕಬಲ್ಲ, ಅದರಲ್ಲಿ ಸಂದೇಹವಿಲ್ಲ. ಕೊರತೆಗೆ ಕಾರಣಗಳು ಬೇರೆ, ಮತ್ತು ಅವು ಒಂದರ ಮೇಲೊಂದು ಸೇರಿಕೊಳ್ಳುತ್ತವೆ. ಮೊದಲನೆಯದು ಕಾಯಿಲೆಯೇ. ಸೀಲಿಯಾಕ್ ಕಾಯಿಲೆ ಸಣ್ಣ ಕರುಳಿನ ಮೇಲ್ಭಾಗವನ್ನು ಹೆಚ್ಚಾಗಿ ಹಾಳುಮಾಡುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬಿ ಗುಂಪಿನ ಜೀವಸತ್ವವಾದ ಫೋಲೇಟ್‌ಗಳು ಮುಖ್ಯವಾಗಿ ಹೀರಲ್ಪಡುವುದೂ ಅಲ್ಲಿಯೇ. ಹೀಗಾಗಿ ಪತ್ತೆಯಾಗುವ ಹೊತ್ತಿಗೇ ಎಷ್ಟೋ ಜನರಲ್ಲಿ ರಕ್ತಹೀನತೆಯೋ ಮೂಳೆಗಳ ಸಾಂದ್ರತೆ ಕುಸಿದಿರುವುದೋ ಕಂಡುಬರುತ್ತದೆ, ಹೊಟ್ಟೆಯ ಯಾವ ತೊಂದರೆಯೂ ಇಲ್ಲದೆ ಬರೀ ರಕ್ತಹೀನತೆಯಿಂದಲೇ ಕಾಯಿಲೆ ಬೆಳಕಿಗೆ ಬರುವುದೂ ಉಂಟು.

ಎರಡನೆಯ ಕಾರಣ ಬದಲಿ ಆಹಾರದ ಆಯ್ಕೆ. ತವುಡುಸಮೇತ ಗೋಧಿ ನಾರು, ಮೆಗ್ನೀಸಿಯಂ, ಸತು ಮತ್ತು ಬಿ ಜೀವಸತ್ವಗಳ ಒಳ್ಳೆಯ ಮೂಲ. ಅದರ ಜಾಗದಲ್ಲಿ ಪಾಲಿಶ್ ಮಾಡಿದ ಅಕ್ಕಿಯ ಹಿಟ್ಟು, ಜೋಳದ ಪಿಷ್ಟ, ಆಲೂಗಡ್ಡೆ ಪಿಷ್ಟ, ಮರಗೆಣಸಿನ ಪಿಷ್ಟ ಬಂದು ಕುಳಿತರೆ ಹೊಟ್ಟೆ ತುಂಬುತ್ತದೆ, ಕ್ಯಾಲೊರಿ ಸಿಗುತ್ತದೆ, ಉಳಿದದ್ದು ಕೈಬಿಡುತ್ತದೆ. ಮೂರನೆಯದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಅನೇಕ ದೇಶಗಳಲ್ಲಿ ಗೋಧಿ ಹಿಟ್ಟಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲವನ್ನು (ಫೋಲೇಟ್‌ನ ಕೃತಕ ರೂಪ) ಬೆರೆಸಿ ಮಾರಬೇಕೆಂಬ ನಿಯಮವಿದೆ. ಅಮೆರಿಕದಲ್ಲಿ ಫೋಲಿಕ್ ಆಮ್ಲ ಬೆರೆಸುವುದು 1998ರಿಂದ ಕಡ್ಡಾಯ. ಗ್ಲುಟೆನ್ ರಹಿತ ಹಿಟ್ಟುಗಳಿಗೆ ಸಾಮಾನ್ಯವಾಗಿ ಹಾಗೆ ಬೆರೆಸುವುದಿಲ್ಲ. ಆದ್ದರಿಂದ ಗೋಧಿ ಬಿಟ್ಟವರು ತಮಗೆ ತಿಳಿಯದೆಯೇ ಸಿಗುತ್ತಿದ್ದ ಪೋಷಕಾಂಶಗಳನ್ನೂ ತಿಳಿಯದೆಯೇ ಕಳೆದುಕೊಳ್ಳುತ್ತಾರೆ.

ಹಾಗಾದರೆ ಯಾವ ಧಾನ್ಯಗಳನ್ನು ಆಧಾರವಾಗಿ ಇಟ್ಟುಕೊಳ್ಳಬೇಕು?

ಸ್ವಭಾವತಃ ಗ್ಲುಟೆನ್ ಇಲ್ಲದ ಧಾನ್ಯಗಳ ಪಟ್ಟಿ ಜನ ಭಾವಿಸುವುದಕ್ಕಿಂತ ಉದ್ದವಾಗಿದೆ. ಅಕ್ಕಿ, ಮೆಕ್ಕೆಜೋಳ, ಬಿಳಿಜೋಳ, ರಾಗಿ, ಸಜ್ಜೆ, ನವಣೆ, ಸಾಮೆಯಂಥ ಎಲ್ಲ ಸಿರಿಧಾನ್ಯಗಳು, ಇಥಿಯೋಪಿಯಾದ ಸಣ್ಣ ಕಾಳಿನ ಧಾನ್ಯವಾದ ಟೆಫ್, ಮತ್ತು ಹುಲ್ಲಿನ ಜಾತಿಗೆ ಸೇರದಿದ್ದರೂ ಧಾನ್ಯದಂತೆಯೇ ಬಳಕೆಯಾಗುವ ಕಿನೋವಾ, ಬಕ್‌ವೀಟ್, ದಂಟಿನ ಬೀಜ ಇವೆಲ್ಲ ಅದರಲ್ಲಿವೆ. ಬಕ್‌ವೀಟ್‌ಗೂ ಗೋಧಿಗೂ ಯಾವ ಸಂಬಂಧವೂ ಇಲ್ಲ.

ಇವುಗಳಲ್ಲಿ ಒಂದೊಂದರ ಬಲ ಒಂದೊಂದು ಕಡೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಸಾಮಾನ್ಯ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ಟೆಫ್ ಮತ್ತು ದಂಟಿನ ಬೀಜದಲ್ಲಿ ಕಬ್ಬಿಣ ಹೆಚ್ಚು, 100 ಗ್ರಾಂಗೆ 7 ಮಿಲಿಗ್ರಾಂಗೂ ಮೀರಿರುತ್ತದೆ. ಬಹುತೇಕ ಧಾನ್ಯಗಳಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಮೈನೊ ಆಮ್ಲ ಕಿನೋವಾ, ದಂಟಿನ ಬೀಜ ಮತ್ತು ಬಕ್‌ವೀಟ್‌ಗಳಲ್ಲಿ ಚೆನ್ನಾಗಿದೆ. ಹೀಗಿರುವಾಗ ಯಾವುದೋ ಒಂದನ್ನು ಅತ್ಯುತ್ತಮವೆಂದು ಆರಿಸಿಕೊಂಡು ಮೂರು ಹೊತ್ತೂ ಅದನ್ನೇ ತಿನ್ನುವುದಕ್ಕಿಂತ ವಾರದಲ್ಲಿ ನಾಲ್ಕೈದು ಧಾನ್ಯಗಳು ಸರದಿಯಂತೆ ತಟ್ಟೆಗೆ ಬರುವ ಹಾಗೆ ನೋಡಿಕೊಳ್ಳುವುದು ಹೆಚ್ಚು ವಿವೇಕದ ದಾರಿ ಎಂದು ನಾನು ನಂಬುತ್ತೇನೆ. ಜೊತೆಗೆ ಕಡಲೆ, ಹೆಸರು, ತೊಗರಿ, ಅವರೆ, ಸೋಯಾ ಯಾವುದಾದರೂ ಬೇಳೆಕಾಳು ದಿನವೂ ಇರಲಿ. ಕಾಳಿನ ಹಿಟ್ಟನ್ನು ಧಾನ್ಯದ ಹಿಟ್ಟಿಗೆ ಕಾಲು ಭಾಗದಷ್ಟು ಬೆರೆಸಿದರೂ ಪ್ರೋಟೀನ್, ನಾರು, ಫೋಲೇಟ್ ಮೂರೂ ಒಟ್ಟಿಗೆ ಏರುತ್ತವೆ. ಅಡುಗೆಯಲ್ಲಿ ಇಷ್ಟು ಸಣ್ಣ ಬದಲಾವಣೆಯಿಂದ ಇಷ್ಟು ದೊಡ್ಡ ಲಾಭ ಸಿಗುವ ಸಂದರ್ಭಗಳು ಅಪರೂಪ.

ಓಟ್ಸ್ ತಿನ್ನಬಹುದೇ?

ಓಟ್ಸ್‌ನಲ್ಲಿರುವ ಅವೆನಿನ್ ಎಂಬ ಪ್ರೋಟೀನ್ ಸೀಲಿಯಾಕ್ ಕಾಯಿಲೆ ಇರುವ ಬಹುಪಾಲು ಜನರಿಗೆ ತೊಂದರೆ ಕೊಡುವುದಿಲ್ಲ, ಆದರೆ ಕೆಲವೇ ಕೆಲವರಿಗೆ ಕೊಡುತ್ತದೆ. ದೊಡ್ಡ ಸಮಸ್ಯೆ ಬೆರಕೆಯದು. ಹೊಲದಲ್ಲಿ, ಸಾಗಣೆಯಲ್ಲಿ, ಗಿರಣಿಯಲ್ಲಿ ಸಾಮಾನ್ಯ ಓಟ್ಸ್‌ಗೆ ಗೋಧಿ ಮತ್ತು ಬಾರ್ಲಿ ಸೇರಿಕೊಳ್ಳುತ್ತವೆ. ಆದ್ದರಿಂದ ಗ್ಲುಟೆನ್ ಮುಕ್ತವೆಂದು ಪ್ರಮಾಣೀಕರಿಸಿದ ಓಟ್ಸ್ ಅನ್ನು ಮಾತ್ರ, ಕಾಯಿಲೆ ಹತೋಟಿಗೆ ಬಂದ ಮೇಲೆ, ವೈದ್ಯರಿಗೆ ತಿಳಿಸಿ ಸ್ವಲ್ಪ ಸ್ವಲ್ಪವಾಗಿ ಆರಂಭಿಸಬೇಕು. ಸರಿಹೊಂದಿದರೆ ಅದು ಬೀಟಾ ಗ್ಲೂಕಾನ್ ಎಂಬ ಕರಗುವ ನಾರಿನ ಉತ್ತಮ ಮೂಲ.

ಅಕ್ಕಿಯೊಂದನ್ನೇ ನೆಚ್ಚಿಕೊಂಡರೆ ಏನಾಗುತ್ತದೆ?

ಅಕ್ಕಿ ಸುಲಭವಾಗಿ ಜೀರ್ಣವಾಗುತ್ತದೆ, ಕರುಳು ಇನ್ನೂ ಮಾಗುತ್ತಿರುವ ಮೊದಲ ವಾರಗಳಲ್ಲಿ ಅದು ನಿಜಕ್ಕೂ ಸಹಾಯಕ. ಆದರೆ ಬಿಳಿ ಅಕ್ಕಿಯಲ್ಲಿ ನಾರು ಮತ್ತು ಸೂಕ್ಷ್ಮ ಪೋಷಕಾಂಶಗಳು ಕಡಿಮೆ. ಇನ್ನೊಂದು ವಿಷಯ ಆರ್ಸೆನಿಕ್‌ನದು. ನೀರು ನಿಂತ ಗದ್ದೆಯಲ್ಲಿ ಬೆಳೆಯುವ ಭತ್ತವು ಮಣ್ಣು ಮತ್ತು ನೀರಿನಲ್ಲಿರುವ ಆರ್ಸೆನಿಕ್ ಅನ್ನು ಬೇರೆ ಧಾನ್ಯಗಳಿಗಿಂತ ಹೆಚ್ಚಾಗಿ ಹೀರಿಕೊಳ್ಳುತ್ತದೆ, ಮತ್ತು ಅದು ತವುಡಿನಲ್ಲಿ ಹೆಚ್ಚು ಸೇರುವುದರಿಂದ ಪಾಲಿಶ್ ಮಾಡದ ಅಕ್ಕಿಯಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿ. ಅನ್ನ, ಅಕ್ಕಿಹಿಟ್ಟಿನ ಬ್ರೆಡ್ಡು, ಅಕ್ಕಿಯ ನೂಡಲ್ಸ್, ಅಕ್ಕಿಯ ಹಾಲು ಹೀಗೆ ಎಲ್ಲಕ್ಕೂ ಅಕ್ಕಿಯನ್ನೇ ಬಳಸುವವರು, ವಿಶೇಷವಾಗಿ ಸಣ್ಣ ಮಕ್ಕಳು ಮತ್ತು ಗರ್ಭಿಣಿಯರು, ಇದನ್ನು ಗಮನಿಸಬೇಕು. ಹೆದರಿ ಅಕ್ಕಿಯನ್ನು ಬಿಡುವ ಅಗತ್ಯವಿಲ್ಲ. ಬೇರೆ ಧಾನ್ಯಗಳ ಜೊತೆ ಹಂಚಿಕೊಂಡು ತಿನ್ನುವುದು, ಆರ್ಸೆನಿಕ್ ಇಲ್ಲದ ಶುದ್ಧ ನೀರನ್ನು ಹೆಚ್ಚಾಗಿ ಹಾಕಿ ಬೇಯಿಸಿ ಗಂಜಿಯನ್ನು ಬಸಿಯುವುದು, ಇವೆರಡರಿಂದ ದೇಹಕ್ಕೆ ಸೇರುವ ಪ್ರಮಾಣ ಗಣನೀಯವಾಗಿ ತಗ್ಗುತ್ತದೆ. ಬಸಿಯುವಾಗ ಕೆಲವು ಬಿ ಜೀವಸತ್ವಗಳೂ ಹೋಗುತ್ತವೆ ಎಂಬುದು ನಿಜ, ಅದಕ್ಕೇ ತಟ್ಟೆಯಲ್ಲಿ ಕಾಳು ಮತ್ತು ಸೊಪ್ಪು ಇರಬೇಕು.

ಗ್ಲುಟೆನ್ ಬಿಟ್ಟ ಮೇಲೆ ಮಲಬದ್ಧತೆ ಶುರುವಾಗಿದೆ. ಏನು ಮಾಡಬೇಕು?

ಇದು ಬಹಳ ಸಾಮಾನ್ಯವಾದ ದೂರು, ಕಾರಣವೂ ಸಾಮಾನ್ಯವಾಗಿ ನಾರಿನ ಕೊರತೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ ಆಹಾರದಿಂದ ಕನಿಷ್ಠ 25 ಗ್ರಾಂ ನಾರು ಬೇಕು. 100 ಗ್ರಾಂ ಬೆಂದ ಕಡಲೆಕಾಳಿನಿಂದ ಅದರಲ್ಲಿ 7 ಗ್ರಾಂನಷ್ಟು ಸಿಗುತ್ತದೆ. ಉಳಿದದ್ದನ್ನು ತವುಡು ತೆಗೆಯದ ಸಿರಿಧಾನ್ಯ, ತರಕಾರಿ, ಸಿಪ್ಪೆಸಹಿತ ಹಣ್ಣು, ಅಗಸೆಬೀಜ, ಬಾದಾಮಿಯಂಥವುಗಳಿಂದ ತುಂಬಿಸುವುದು ಕಷ್ಟವಲ್ಲ. ಇಸಬ್‌ಗೋಲ್ ಹೊಟ್ಟು ಇಲ್ಲಿ ಎರಡು ರೀತಿಯಲ್ಲಿ ಉಪಕಾರಿ. ಅದು ಮಲಬದ್ಧತೆಗೆ ಒಳ್ಳೆಯದು, ಗ್ಲುಟೆನ್ ಇಲ್ಲದ ಹಿಟ್ಟಿಗೆ ಬೇಕಾದ ಅಂಟನ್ನೂ ಕೊಡುತ್ತದೆ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ಆದ್ದರಿಂದ ಎರಡು ಮೂರು ವಾರಗಳಲ್ಲಿ ಹಂತಹಂತವಾಗಿ ಏರಿಸಿ, ನೀರನ್ನೂ ಹೆಚ್ಚು ಕುಡಿಯಿರಿ.

ರಕ್ತಹೀನತೆ ಇರುವವರು ಆಹಾರದಲ್ಲಿ ಏನನ್ನು ಗಮನಿಸಬೇಕು?

ಕರುಳು ಮಾಗದೆ ಎಷ್ಟು ಕಬ್ಬಿಣ ತಿಂದರೂ ಅದು ಪೂರ್ತಿಯಾಗಿ ಹೀರಲ್ಪಡುವುದಿಲ್ಲ. ಹಾಗಾಗಿ ಗ್ಲುಟೆನ್ ಅನ್ನು ಕಟ್ಟುನಿಟ್ಟಾಗಿ ಬಿಡುವುದೇ ರಕ್ತಹೀನತೆಯ ಚಿಕಿತ್ಸೆಯ ಮೊದಲ ಹೆಜ್ಜೆ. ಅದರ ಜೊತೆಗೆ ಕೆಂಪು ಮಾಂಸ, ಮೀನು, ಮೊಟ್ಟೆ ತಿನ್ನುವವರಿಗೆ ಅವು ಸಹಾಯ ಮಾಡುತ್ತವೆ. ಮಾಂಸ ಮತ್ತು ಮೀನಿನಲ್ಲಿರುವ ಹೀಮ್ ಕಬ್ಬಿಣ ಸಸ್ಯಮೂಲದ್ದಕ್ಕಿಂತ ಸುಲಭವಾಗಿ ದೇಹಕ್ಕೆ ಸೇರುತ್ತದೆ. ಸಸ್ಯಾಹಾರಿಗಳು ಕಾಳು, ದಂಟಿನ ಬೀಜ, ಎಳ್ಳು, ಕುಂಬಳದ ಬೀಜ, ಸೊಪ್ಪುಗಳನ್ನು ನಿಂಬೆ, ಸೀಬೆ, ಕಿತ್ತಳೆ, ಟೊಮೇಟೊ, ದಪ್ಪ ಮೆಣಸಿನಕಾಯಿಯಂಥ ಸಿ ಜೀವಸತ್ವವುಳ್ಳ ಆಹಾರದ ಜೊತೆಯಲ್ಲೇ ತಿನ್ನಬೇಕು. ಊಟದ ಜೊತೆ ಅಥವಾ ಊಟವಾದ ಕೂಡಲೇ ಚಹಾ, ಕಾಫಿ ಕುಡಿಯುವ ಅಭ್ಯಾಸವಿದ್ದರೆ ಅದನ್ನು ಒಂದೆರಡು ಗಂಟೆ ಮುಂದೂಡುವುದು ಒಳಿತು, ಏಕೆಂದರೆ ಅವುಗಳಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಧಾನ್ಯ ಮತ್ತು ಕಾಳುಗಳಲ್ಲಿರುವ ಫೈಟೇಟ್ ಕೂಡ ಕಬ್ಬಿಣ, ಸತು ಮತ್ತು ಕ್ಯಾಲ್ಸಿಯಂಗೆ ಅಡ್ಡಿ. ನೆನೆಸುವುದು, ಮೊಳಕೆ ಬರಿಸುವುದು, ಹಿಟ್ಟನ್ನು ಹುದುಗಿಸುವುದು ಇವೆಲ್ಲ ಫೈಟೇಟ್ ಅನ್ನು ತಗ್ಗಿಸುತ್ತವೆ.

ರಕ್ತಹೀನತೆಗೆ ಕಬ್ಬಿಣದ ಕೊರತೆಯೊಂದೇ ಕಾರಣವೆಂದು ತಿಳಿಯಬಾರದು. ಫೋಲೇಟ್ ಮತ್ತು ಬಿ12 ಕೊರತೆಯೂ ಇರಬಹುದು. ಫೋಲೇಟ್ ಸೊಪ್ಪು ಮತ್ತು ಕಾಳುಗಳಲ್ಲಿ ಧಾರಾಳವಾಗಿದೆ, ಬಿ12 ಮಾತ್ರ ಪ್ರಾಣಿಮೂಲದ ಆಹಾರದಲ್ಲೇ ಸಹಜವಾಗಿ ಸಿಗುತ್ತದೆ. ಹಾಲು, ಮೊಟ್ಟೆಗಳನ್ನೂ ಬಿಟ್ಟವರಿಗೆ ಬಿ12 ಬೆರೆಸಿದ ಆಹಾರವೋ ಮಾತ್ರೆಯೋ ಬೇಕೇ ಬೇಕು.

ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ. ಮೂಳೆಗಳ ಗತಿ ಏನು?

ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವವು ವಿಲ್ಲೈಗಳ ತುದಿಯಲ್ಲಿ ಇರುತ್ತದೆ. ವಿಲ್ಲೈ ಸವೆದಾಗ ಅದೂ ಕಡಿಮೆಯಾಗಿ ಹಾಲು ಒಗ್ಗುವುದಿಲ್ಲ. ಹಲವರಲ್ಲಿ ಇದು ತಾತ್ಕಾಲಿಕ, ಗ್ಲುಟೆನ್ ಬಿಟ್ಟು ಕರುಳು ಚೇತರಿಸಿಕೊಂಡಂತೆ ಮತ್ತೆ ಹಾಲು ಹಿಡಿಸುತ್ತದೆ. ಅಲ್ಲಿಯವರೆಗೆ ಮೊಸರು, ಹಳೆಯ ಗಟ್ಟಿ ಚೀಸ್, ಲ್ಯಾಕ್ಟೋಸ್ ತೆಗೆದ ಹಾಲು, ಕ್ಯಾಲ್ಸಿಯಂ ಬೆರೆಸಿದ ಸೋಯಾ ಹಾಲುಗಳನ್ನು ಬಳಸಬಹುದು. ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ರಾಗಿ, ಎಳ್ಳು, ಸೊಪ್ಪು, ಮುಳ್ಳುಸಹಿತ ತಿನ್ನುವ ಸಣ್ಣ ಮೀನುಗಳಿಂದಲೂ ಅದರ ಒಂದು ಭಾಗ ಸಿಗುತ್ತದೆ. ಆದರೆ ಡಿ ಜೀವಸತ್ವ ಸಾಕಷ್ಟಿಲ್ಲದೆ ಕ್ಯಾಲ್ಸಿಯಂ ಸರಿಯಾಗಿ ಹೀರಲ್ಪಡುವುದಿಲ್ಲ, ಮತ್ತು ಡಿ ಜೀವಸತ್ವವನ್ನು ಆಹಾರದಿಂದ ಮಾತ್ರವೇ ಪಡೆಯುವುದು ಕಷ್ಟ. ಬಿಸಿಲು ಮೈಗೆ ಬೀಳುವುದು, ರಕ್ತದಲ್ಲಿ ಅದರ ಮಟ್ಟವನ್ನು ಅಳೆಸಿ ವೈದ್ಯರು ಹೇಳಿದಷ್ಟು ಮಾತ್ರೆ ತೆಗೆದುಕೊಳ್ಳುವುದು ಎರಡೂ ಬೇಕಾಗಬಹುದು. ಕಾಯಿಲೆ ಪತ್ತೆಯಾದ ವಯಸ್ಕರು ಮೂಳೆ ಸಾಂದ್ರತೆಯ ಪರೀಕ್ಷೆ ಯಾವಾಗ ಬೇಕೆಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳಬೇಕು.

ಗ್ಲುಟೆನ್ ಮುಕ್ತ ಎಂದು ಬರೆದಿರುವ ಬಿಸ್ಕತ್ತು, ಬ್ರೆಡ್ಡು, ತಿಂಡಿಗಳು ಆರೋಗ್ಯಕರವೇ?

ಗ್ಲುಟೆನ್ ಮಟ್ಟಿಗೆ ಅವು ಸುರಕ್ಷಿತ, ಪೋಷಣೆಯ ಮಟ್ಟಿಗೆ ಆ ಎರಡು ಪದಗಳು ಏನನ್ನೂ ಹೇಳುವುದಿಲ್ಲ. ಗ್ಲುಟೆನ್ ಕೊಡುತ್ತಿದ್ದ ಮೆದುವು ಮತ್ತು ಹಿಡಿತವನ್ನು ಬೇರೆ ದಾರಿಯಲ್ಲಿ ತರಲು ತಯಾರಕರು ಪಿಷ್ಟ, ಕೊಬ್ಬು, ಸಕ್ಕರೆ ಮತ್ತು ಜ಼ಾಂಥನ್ ಗಮ್‌ನಂಥ ಅಂಟುಗಳನ್ನು ಬಳಸುತ್ತಾರೆ. ಸಾಮಾನ್ಯ ಬ್ರೆಡ್ಡಿಗೆ ಹೋಲಿಸಿದರೆ ಇಂಥವುಗಳಲ್ಲಿ ಪ್ರೋಟೀನ್ ಕಡಿಮೆ ಇರುವುದೇ ಹೆಚ್ಚು. ಪ್ರವಾಸಕ್ಕೆ, ಮಕ್ಕಳ ಹುಟ್ಟುಹಬ್ಬಕ್ಕೆ, ದಣಿದ ಸಂಜೆಗೆ ಅವು ಇರಲಿ, ಅದರಲ್ಲಿ ತಪ್ಪೇನೂ ಇಲ್ಲ. ದಿನನಿತ್ಯದ ಊಟ ಮಾತ್ರ ಅವುಗಳ ಮೇಲೆ ನಿಲ್ಲಬಾರದು. ಕೊಳ್ಳುವಾಗ ಪದಾರ್ಥಗಳ ಪಟ್ಟಿಯ ಮೊದಲ ಹೆಸರನ್ನು ನೋಡಿ. ಅಲ್ಲಿ ಇಡೀ ಧಾನ್ಯವೋ ಕಾಳಿನ ಹಿಟ್ಟೋ ಇದ್ದರೆ ಒಳ್ಳೆಯದು, ಪಿಷ್ಟವೋ ಸಕ್ಕರೆಯೋ ಇದ್ದರೆ ಅದು ಸಿಹಿತಿನಿಸೆಂದೇ ಲೆಕ್ಕ.

ಆ ಮುದ್ರೆಯ ನಿಖರ ಅರ್ಥವೇನು? ಬೇರೆ ಯಾವ ಹೆಸರುಗಳಿಗೆ ಎಚ್ಚರ ವಹಿಸಬೇಕು?

ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಒಂದು ಕಿಲೋಗ್ರಾಂ ಆಹಾರದಲ್ಲಿ 20 ಮಿಲಿಗ್ರಾಂ ಮೀರದಷ್ಟು ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್ ಮುಕ್ತ ಎನ್ನಬಹುದು, ಅನೇಕ ದೇಶಗಳ ಕಾನೂನೂ ಇದನ್ನೇ ಅನುಸರಿಸುತ್ತದೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಅನ್ನು ಮೂರು ತಿಂಗಳು ಸೇವಿಸಿದರೆ ಕರುಳಿಗೆ ಹಾನಿಯಾಗಬಲ್ಲದು ಎಂದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಒಂದು ಸಾಮಾನ್ಯ ಬ್ರೆಡ್ಡಿನ ತುಂಡಿನಲ್ಲಿ ಇರುವುದು ಅದರ ಹತ್ತಾರು ಪಟ್ಟು.

ಮೈದಾ, ರವೆ, ಡ್ಯೂರಮ್, ಸ್ಪೆಲ್ಟ್, ಐನ್‌ಕಾರ್ನ್, ಬಲ್ಗರ್, ಕೂಸ್‌ಕೂಸ್, ಸೈಟಾನ್ ಎಲ್ಲವೂ ಗೋಧಿಯೇ. ಟ್ರಿಟಿಕೇಲ್ ಎಂಬುದು ಗೋಧಿ ಮತ್ತು ರೈಗಳ ಸಂಕರ ತಳಿ. ಮಾಲ್ಟ್ ಎಂದರೆ ಸಾಮಾನ್ಯವಾಗಿ ಬಾರ್ಲಿ, ಅದು ಪಾನೀಯದ ಪುಡಿ, ಉಪಾಹಾರದ ಸೀರಿಯಲ್, ಚಾಕೊಲೇಟುಗಳಲ್ಲಿ ಅವಿತಿರುತ್ತದೆ. ಸೋಯಾ ಸಾಸ್ ಅನ್ನು ಹೆಚ್ಚಾಗಿ ಗೋಧಿ ಸೇರಿಸಿಯೇ ಹುದುಗಿಸುತ್ತಾರೆ. ಗೋಧಿ ಇಲ್ಲ ಎಂದು ಬರೆದ ಮಾತ್ರಕ್ಕೆ ಗ್ಲುಟೆನ್ ಇಲ್ಲವೆಂದು ಅರ್ಥವಲ್ಲ.

ಅಡುಗೆಮನೆಯಲ್ಲಿ ಗೋಧಿಯೂ ಇದ್ದರೆ ಹೇಗೆ?

ಬೇಯಿಸಿದರೂ ಹುರಿದರೂ ಗ್ಲುಟೆನ್ ನಾಶವಾಗುವುದಿಲ್ಲ. ಹಿಟ್ಟಿನ ಜರಡಿ, ಬ್ರೆಡ್ ಟೋಸ್ಟರ್, ಗೀರುಬಿದ್ದ ಮರದ ಮಣೆ ಮತ್ತು ಲಟ್ಟಣಿಗೆಗಳನ್ನು ಪ್ರತ್ಯೇಕವಾಗಿ ಇಡಬೇಕು. ಲೋಹದ ಪಾತ್ರೆಗಳನ್ನು ಸೋಪಿನಿಂದ ಚೆನ್ನಾಗಿ ತೊಳೆದರೆ ಸಾಕು. ಗೋಧಿ ತಿಂಡಿ ಕರಿದ ಎಣ್ಣೆಯನ್ನು ಮತ್ತೆ ಬಳಸಬೇಡಿ. ಬಿಡಿಯಾಗಿ ಮಾರುವ ಕಾಳು, ಸಿರಿಧಾನ್ಯಗಳಲ್ಲಿ ಗೋಧಿಯ ಕಾಳು ಬೆರೆತಿರಬಹುದು, ಆರಿಸಿ ತೊಳೆದುಕೊಳ್ಳಿ. ಗೋಧಿ ಬೀಸುವ ಗಿರಣಿಯಲ್ಲೇ ರಾಗಿ, ಜೋಳಗಳನ್ನು ಬೀಸಿಸಿದರೆ ಬೆರಕೆ ಖಚಿತ, ಇದು ಅತಿ ಹೆಚ್ಚು ಮನೆಗಳಲ್ಲಿ ಕಣ್ತಪ್ಪುವ ಸಂಗತಿ.

ತೂಕ ಹೆಚ್ಚುತ್ತಿದೆ. ಇದು ಸಹಜವೇ?

ಕರುಳು ಮಾಗಿದಂತೆ ಆಹಾರ ಚೆನ್ನಾಗಿ ಹೀರಲ್ಪಡುವುದರಿಂದ ತೂಕ ಏರುವುದು ಚೇತರಿಕೆಯ ಲಕ್ಷಣ. ಮೊದಲೇ ತೆಳ್ಳಗಿದ್ದವರು ಸಂತೋಷಪಡಬೇಕಾದ ವಿಷಯವದು. ಏರಿಕೆ ನಿಲ್ಲದಿದ್ದರೆ ಪೊಟ್ಟಣದ ತಿನಿಸುಗಳ ಪಾಲನ್ನು ಪರಿಶೀಲಿಸಿ.

ಮಕ್ಕಳು ಮತ್ತು ಗರ್ಭಿಣಿಯರ ವಿಷಯದಲ್ಲಿ ವಿಶೇಷವೇನು?

ಮಗುವಿನ ಎತ್ತರ ಮತ್ತು ತೂಕವನ್ನು ನಿಯಮಿತವಾಗಿ ಅಳೆದು ಬೆಳವಣಿಗೆಯ ಪಟ್ಟಿಯಲ್ಲಿ ಗುರುತಿಸಬೇಕು. ಸರಿಯಾದ ಆಹಾರದಲ್ಲಿ ಹಿಂದುಳಿದ ಬೆಳವಣಿಗೆ ಬಹುಪಾಲು ಮಕ್ಕಳಲ್ಲಿ ಚೇತರಿಸಿಕೊಳ್ಳುತ್ತದೆ. ಶಾಲೆಗೆ ಹೋಗುವ ಮಗುವಿಗೆ ತಾನು ಏನನ್ನು ತಿನ್ನಬಾರದು ಎಂಬುದರಷ್ಟೇ ಸ್ಪಷ್ಟವಾಗಿ ಏನೇನು ತಿನ್ನಬಹುದು ಎಂಬುದೂ ಗೊತ್ತಿರಬೇಕು, ಇಲ್ಲದಿದ್ದರೆ ಅದು ಹಸಿದಿರುತ್ತದೆ ಅಥವಾ ಗುಟ್ಟಾಗಿ ತಿನ್ನುತ್ತದೆ. ಗರ್ಭ ಧರಿಸಲು ಯೋಚಿಸುತ್ತಿರುವ ಮಹಿಳೆಯರು ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭಧಾರಣೆಗೆ ಮುನ್ನವೇ ಆರಂಭಿಸಬೇಕು. ಎಲ್ಲ ಮಹಿಳೆಯರಿಗೂ ಇದೇ ಸಲಹೆ ಇದ್ದರೂ ಸೀಲಿಯಾಕ್ ಕಾಯಿಲೆ ಇರುವವರಿಗೆ ಎಷ್ಟು ಪ್ರಮಾಣ ಬೇಕೆಂದು ವೈದ್ಯರೇ ನಿರ್ಧರಿಸಬೇಕು.

ಎಲ್ಲರೂ ಜೀವಸತ್ವದ ಮಾತ್ರೆ ತೆಗೆದುಕೊಳ್ಳಬೇಕೇ?

ರಕ್ತಪರೀಕ್ಷೆಯಲ್ಲಿ ಕಂಡ ಕೊರತೆಗೆ ತಕ್ಕ ಮಾತ್ರೆ ಬೇಕು, ಊಹೆಯ ಮೇಲೆ ಬೇಡ. ಕಬ್ಬಿಣ ಮತ್ತು ಎ, ಡಿ ಜೀವಸತ್ವಗಳು ಅತಿಯಾದರೆ ಹಾನಿಕರ. ಮಾತ್ರೆಯ ಪಿಷ್ಟ ಯಾವ ಧಾನ್ಯದ್ದೆಂದು ಔಷಧಿ ಅಂಗಡಿಯವರನ್ನು ಕೇಳಿ.

ಕಾಯಿಲೆ ಇಲ್ಲದವರಿಗೆ ಗ್ಲುಟೆನ್ ಬಿಡುವುದರಿಂದ ಲಾಭವಿದೆಯೇ?

ಇದೆ ಎಂದು ನಂಬಲು ಆಧಾರವಿಲ್ಲ. 1 ಲಕ್ಷಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತರ ಆಹಾರವನ್ನು 1986ರಿಂದ ದಾಖಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗ್ಲುಟೆನ್ ಸೇವನೆಗೂ ಹೃದಯದ ಕಾಯಿಲೆಗೂ ಸಂಬಂಧ ಕಾಣಲಿಲ್ಲ. ಗ್ಲುಟೆನ್ ತಪ್ಪಿಸುವ ಭರದಲ್ಲಿ ಇಡೀ ಧಾನ್ಯಗಳನ್ನು ಬಿಟ್ಟರೆ ಅದರಿಂದಲೇ ನಷ್ಟವಾಗಬಹುದೆಂದು ಅದರ ಲೇಖಕರು ಎಚ್ಚರಿಸಿದರು.

ಕರುಳು ಮಾಗಲು ಎಷ್ಟು ಕಾಲ ಬೇಕು, ನಡುವೆ ತಪ್ಪಿ ಗ್ಲುಟೆನ್ ತಿಂದರೆ?

ಹೊಟ್ಟೆಯ ತೊಂದರೆಗಳು ಹಲವರಲ್ಲಿ ಕೆಲವು ವಾರಗಳಲ್ಲೇ ಇಳಿಯುತ್ತವೆ, ಪ್ರತಿಕಾಯಗಳು ತಗ್ಗಲು ತಿಂಗಳುಗಳು ಬೇಕು, ವಯಸ್ಕರಲ್ಲಿ ವಿಲ್ಲೈ ಪೂರ್ತಿ ಮಾಗಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಬಹುದು. ಮಕ್ಕಳಲ್ಲಿ ಇದು ಬೇಗ. ಮೊದಲ ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ವೈದ್ಯರನ್ನೂ ಸಾಧ್ಯವಾದರೆ ಆಹಾರ ತಜ್ಞರನ್ನೂ ಕಂಡು ಪ್ರತಿಕಾಯ, ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ಸಂಗ್ರಹದ ಅಳತೆ), ಬಿ12, ಡಿ ಜೀವಸತ್ವಗಳನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯ ಕ್ರಮ. ತಪ್ಪಿ ಒಮ್ಮೆ ತಿಂದರೆ ಗ್ಲುಟೆನ್ ಅನ್ನು ಹೊರಹಾಕುವ ಯಾವ ಔಷಧಿಯೂ ಇಲ್ಲ, ಆ ಹೆಸರಿನಲ್ಲಿ ಮಾರುವ ಕಿಣ್ವದ ಮಾತ್ರೆಗಳನ್ನು ನಂಬಿ ಗೋಧಿ ತಿನ್ನಬಾರದು. ವಾಂತಿ, ಭೇದಿ ಇದ್ದರೆ ನೀರು ಮತ್ತು ಲವಣ ಕಡಿಮೆಯಾಗದಂತೆ ನೋಡಿಕೊಳ್ಳಿ, ಹಗುರವಾದ ಆಹಾರ ತಿನ್ನಿ, ಅದು ಎಲ್ಲಿಂದ ಬಂತು ಎಂಬುದನ್ನು ಬರೆದಿಟ್ಟುಕೊಳ್ಳಿ. ಏನೂ ತಪ್ಪಾಗಿಲ್ಲವೆಂದು ಅನ್ನಿಸಿದರೂ ಲಕ್ಷಣಗಳು ಮರುಕಳಿಸುತ್ತಲೇ ಇದ್ದರೆ ಆ ಟಿಪ್ಪಣಿಯೊಂದಿಗೆ ವೈದ್ಯರ ಬಳಿಗೆ ಹೋಗಿ.